ವಲಸೆ ಬಂದವರ ನಡುವೆ ದುಭಾಷಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಟ್ಟಡ ಏರಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ರಾತ್ರಿ ಗೇಟ್ ಕಾಯುವವರು, ಕಸ ಆಯುವವರು. ಇವರಲ್ಲಿ ಎಷ್ಟೋ ಜನ ಒಡಿಶಾ, ಪಶ್ಚಿಮ ಬಂಗಾಳ, ಬಿಹಾರ, ಜಾರ್ಖಂಡ್, ಅಸ್ಸಾಂ, ನೇಪಾಳದ ಕಡೆಯವರು. ಕೆಲಸದ ಜಾಗದಲ್ಲಿ ನಾಲ್ಕು ಮಾತಿನಲ್ಲಿ ದಿನ ಕಳೆದುಹೋಗುತ್ತದೆ. ಆದರೆ ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟು, ಮಕ್ಕಳ ಶಾಲೆ ಅಂತ ಬಂದಾಗ ನಾಲ್ಕು ಮಾತು ಸಾಲುವುದಿಲ್ಲ. ಆಗ ಎರಡೂ ಭಾಷೆ ಬಲ್ಲ ಯಾರನ್ನಾದರೂ ಕರೆಯುತ್ತಾರೆ. ಹಾಗೆ ಕರೆಸಿಕೊಂಡವರಿಗೆ, ಕರೆಯುವ ಡಾಕ್ಟರ್, ಸಿಸ್ಟರ್, ಪೊಲೀಸ್, ಮೇಷ್ಟ್ರುಗಳಿಗೆ ಈ ಪುಟ.

ದುಭಾಷಿ ಅಂದರೆ ಅನುವಾದಕರೇ ಅಲ್ವಾ?

ಅನುವಾದಕರು ಬರೆದದ್ದನ್ನು ಬರೆಯುತ್ತಾರೆ. ಅವರಿಗೆ ಸಮಯ ಇರುತ್ತದೆ, ನಿಘಂಟು ನೋಡಬಹುದು, ತಿದ್ದಬಹುದು. ದುಭಾಷಿಗೆ ಆ ಸೌಕರ್ಯ ಇಲ್ಲ. ಎದುರಿಗೆ ಒಬ್ಬರು ನೋವಿನಲ್ಲಿರುತ್ತಾರೆ, ಇನ್ನೊಬ್ಬರು ಅವಸರದಲ್ಲಿರುತ್ತಾರೆ. ಇಬ್ಬರ ಮಾತೂ ಅಲ್ಲೇ, ಆಗಲೇ ದಾಟಬೇಕು.

ಸಮ್ಮೇಳನಗಳಲ್ಲಿ ಗಾಜಿನ ಕೋಣೆಯೊಳಗೆ ಕೂತು ಮಾತಾಡುವ ದುಭಾಷಿಗಳೂ ಇದ್ದಾರೆ. ಅಲ್ಲಿ ಮಾತಾಡುವವರೆಲ್ಲ ಹೆಚ್ಚುಕಡಿಮೆ ಸರಿಸಮಾನರು. ಇಲ್ಲಿ ಹಾಗಲ್ಲ. ಒಬ್ಬರ ಕೈಯಲ್ಲಿ ಚೀಟಿ, ಸೀಲು, ಲಾಠಿ ಇರುತ್ತದೆ. ಇನ್ನೊಬ್ಬರ ಕೈಯಲ್ಲಿ ಏನೂ ಇರುವುದಿಲ್ಲ. ಈ ಕೆಲಸದ ನೀತಿಯ ಪ್ರಶ್ನೆಗಳೆಲ್ಲ ಹುಟ್ಟುವುದು ಆ ಅಂತರದಿಂದ.

ಮೇಸ್ತ್ರಿ ಜೊತೆಗೇ ಬಂದಿರುತ್ತಾನೆ. ಅವನಿಗೆ ಇಬ್ಬರ ಭಾಷೆಯೂ ಬರುತ್ತದೆ. ಅವನೇ ಹೇಳಿದರೆ ಆಗದಾ?

ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಮೂರನೇ ಮಹಡಿಯ ಸಾರುವೆಯಿಂದ ಒಬ್ಬ ಹುಡುಗ ಬಿದ್ದಿದ್ದಾನೆ ಅಂದುಕೊಳ್ಳಿ. ಕಾಲು ಮುರಿದಿದೆ. ಮೇಸ್ತ್ರಿಯೇ ಆಟೋದಲ್ಲಿ ಕರೆತಂದಿದ್ದಾನೆ, ಖರ್ಚೂ ಕೊಟ್ಟಿದ್ದಾನೆ. ಒಳ್ಳೆಯ ಮನುಷ್ಯನೇ ಇರಬಹುದು. ಡಾಕ್ಟರ್ "ಹೇಗೆ ಬಿದ್ದ?" ಅಂತ ಕೇಳುತ್ತಾರೆ. ಹುಡುಗ ಬಾಯಿ ತೆರೆಯುವ ಮೊದಲೇ ಉತ್ತರ ಬರುತ್ತದೆ: "ರೂಮಿನ ಮೆಟ್ಟಿಲಲ್ಲಿ ಜಾರಿದ ಸಾರ್." ಅದು ಹಾಗೇ ಆಸ್ಪತ್ರೆಯ ದಾಖಲೆಗೆ ಹೋಗುತ್ತದೆ.

ಮುಂದೆ ಅಪಘಾತ ಪರಿಹಾರ ಕೇಳುವಾಗ ಮೊದಲು ನೋಡುವುದೇ ಆ ದಾಖಲೆಯನ್ನು. ಕೆಲಸ ಮಾಡುವಾಗ ಬಿದ್ದದ್ದು ಅಂತ ಇದ್ದರೆ ಮಾಲೀಕರ ಹೊಣೆ. ಮನೆಯ ಮೆಟ್ಟಿಲಲ್ಲಿ ಜಾರಿದ್ದು ಅಂತ ಇದ್ದರೆ ಯಾರ ಹೊಣೆಯೂ ಅಲ್ಲ. ಒಂದು ಸಾಲು ಆ ಹುಡುಗನ ಮುಂದಿನ ಬದುಕನ್ನೇ ತಿರುಗಿಸಿಬಿಡುತ್ತದೆ, ಅವನಿಗೆ ಗೊತ್ತೇ ಆಗದ ಹಾಗೆ.

ಆದ್ದರಿಂದ ಸಿಬ್ಬಂದಿಗೆ ನನ್ನ ಕೋರಿಕೆ ಇಷ್ಟೇ. ಕರೆತಂದವರಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಕೂರಿಸಿ. ಬೇರೆ ಯಾರೂ ಸಿಗದಿದ್ದರೆ ಅದೇ ಭಾಷೆಯ ಸೆಕ್ಯುರಿಟಿಯವರು, ಇನ್ನೊಂದು ವಾರ್ಡಿನ ನರ್ಸ್, ಫೋನಿನಲ್ಲಿ ಯಾರಾದರೂ ಆದೀತು. ಆದರೆ ಕೂಲಿ ಕೊಡುವವರು ಬೇಡ. ಅವರು ಸತ್ಯವಂತರೇ ಆಗಿದ್ದರೂ ಬೇಡ. ಅವರು ಎದುರಿಗಿದ್ದರೆ ಕೂಲಿಯವನು ಬಾಯಿ ಬಿಡುವುದಿಲ್ಲ.

ಎಲ್ಲರಿಗೂ ಹಿಂದಿ ಬರುತ್ತದಲ್ಲ, ಹಿಂದಿ ಗೊತ್ತಿದ್ದರೆ ಸಾಲದಾ?

ಉತ್ತರದಿಂದ ಬಂದವರಿಗೆಲ್ಲ ಹಿಂದಿ ಬರುತ್ತದೆ ಅನ್ನುವುದು ನಮ್ಮ ಅಂದಾಜು ಮಾತ್ರ. ಜಾರ್ಖಂಡ್ ಅಥವಾ ಒಡಿಶಾದ ಮಯೂರ್‌ಭಂಜ್ ಕಡೆಯವರ ಮನೆಮಾತು ಸಂತಾಲಿ ಇರಬಹುದು. 2003ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಭಾಷೆ ಅದು. ಅವರಿಗೆ ಬರುವ ಹಿಂದಿ ಕೆಲಸದ ಹಿಂದಿ. ಸಿಮೆಂಟ್, ಇಟ್ಟಿಗೆ, ಹಾಜರಿ, ಅಡ್ವಾನ್ಸ್, ಇಷ್ಟಕ್ಕೆ ಅದು ಸಾಕು. ಗರ್ಭಕೋಶದ ಆಪರೇಷನ್ ಯಾಕೆ ಬೇಕು ಅನ್ನುವುದನ್ನು ಆ ಹಿಂದಿಯಲ್ಲಿ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಮೊದಲು "ಮನೆಯಲ್ಲಿ ಯಾವ ಮಾತು?" ಅಂತ ಕೇಳಿ. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಲು ಕೇಳಿ. ತಲೆ ಅಲ್ಲಾಡಿಸಿದರೆ ಅರ್ಥವಾಯಿತು ಅಂತಲ್ಲ. ದೊಡ್ಡವರ ಎದುರು "ಗೊತ್ತಾಗಲಿಲ್ಲ" ಅನ್ನುವುದು ಕಷ್ಟ, ಯಾವ ಊರಿನವರಿಗಾದರೂ.

ಸಂತಾಲಿಯಿಂದ ನೇರ ಕನ್ನಡಕ್ಕೆ ತರುವವರು ಸಿಗುವುದು ಅಪರೂಪ. ಸಂತಾಲಿಯಿಂದ ಒಡಿಯಾ, ಒಡಿಯಾದಿಂದ ಕನ್ನಡ ಅಂತ ಇಬ್ಬರು ದುಭಾಷಿಗಳು ಸಾಲಾಗಿ ಕೂರಬೇಕಾಗಬಹುದು. ನಿಧಾನವಾಗುತ್ತದೆ. ವಾಕ್ಯಗಳನ್ನು ಇನ್ನೂ ಚಿಕ್ಕದು ಮಾಡಿ, ಪ್ರತಿ ಹಂತದಲ್ಲೂ ತಿರುಗಿ ಕೇಳಿ.

ಮಗಳು ಇಲ್ಲೇ ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ, ಚೆಂದವಾಗಿ ಕನ್ನಡ ಮಾತಾಡುತ್ತಾಳೆ. ಅವಳಿಂದ ಹೇಳಿಸಬಹುದಾ?

ಬೇಡ. ಔಷಧಿ ಕೌಂಟರ್ ಎಲ್ಲಿದೆ ಅಂತ ಕೇಳಲು ಮಗು ಆಗಬಹುದು. ತಾಯಿಯ ಬಿಳಿ ಸೆರಗು, ಗರ್ಭಪಾತ, ಅಪ್ಪ ಹೊಡೆದ ಗಾಯ, ಅಜ್ಜನಿಗೆ ಕ್ಯಾನ್ಸರ್ ಅನ್ನುವ ಸುದ್ದಿ, ಇವನ್ನೆಲ್ಲ ಹನ್ನೊಂದು ವರ್ಷದ ಹುಡುಗಿಯ ಬಾಯಲ್ಲಿ ಹೇಳಿಸುವುದು ಅವಳಿಗೆ ಮಾಡುವ ಅನ್ಯಾಯ. ಅವಳು ಅರ್ಧ ನುಂಗುತ್ತಾಳೆ. ತಾಯಿ ಇನ್ನರ್ಧವನ್ನು ಹೇಳುವುದೇ ಇಲ್ಲ. ಅಮೆರಿಕದಲ್ಲಿ 2016ರ ಆರೋಗ್ಯ ನಿಯಮವೊಂದು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಅಂತ ಸ್ಪಷ್ಟವಾಗಿ ಬರೆಯಿತು. ನಮ್ಮಲ್ಲಿ ಅಂಥ ನಿಯಮ ಬರಲಿ ಅಂತ ಕಾದು ಕೂರದೆ ಒಂದು ಆಸ್ಪತ್ರೆ ಇದನ್ನು ನಾಳೆಯಿಂದಲೇ ಪಾಲಿಸಬಹುದು.

ಇನ್ನೊಂದು ನಷ್ಟವೂ ಇದೆ. ಅಂಥ ಮಕ್ಕಳು ಅಪ್ಪ ಅಮ್ಮನ ಕೆಲಸಕ್ಕೆಂದು ಶಾಲೆ ತಪ್ಪಿಸುತ್ತಾರೆ. ಕನ್ನಡ ಕಲಿತದ್ದಕ್ಕೇ ಶಾಲೆ ತಪ್ಪುವುದು ಎಂಥ ಸಂಕಟ ಅಲ್ವಾ?

ಗಂಡ ಹೇಳಿದರೆ?

ವಿಳಾಸ, ಊರು, ಹಳೆಯ ಚೀಟಿ, ಇವಕ್ಕೆ ಸರಿ. ಹೆಂಡತಿಯ ದೇಹದ ವಿಷಯಕ್ಕೆ ಅವಳನ್ನೇ ಕೇಳಬೇಕು, ಅದೂ ಗಂಡ ಇಲ್ಲದಾಗ. ಗರ್ಭಪಾತದ ಕಾನೂನಿನಲ್ಲಿ ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಒಪ್ಪಿಗೆ ಬೇಕಿಲ್ಲ. ಇನ್ನು ಆಪರೇಷನ್ ವಿಷಯ. ರೋಗಿ ವಯಸ್ಕಳಾಗಿ ತಾನೇ ನಿರ್ಧರಿಸುವ ಸ್ಥಿತಿಯಲ್ಲಿದ್ದರೆ ಮನೆಯವರ ಒಪ್ಪಿಗೆ ಅವಳ ಒಪ್ಪಿಗೆಗೆ ಸಮನಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ಅಲ್ಲಿ ಒಪ್ಪಿಗೆ ಕೊಟ್ಟದ್ದು ರೋಗಿಯ ತಾಯಿ. ಹೆಬ್ಬೆಟ್ಟು ಒತ್ತಿಸಿದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯಾ, ಇಷ್ಟನ್ನಾದರೂ ಅವಳಿಗೆ ಅವಳ ಮಾತಿನಲ್ಲಿ ಹೇಳಿರಬೇಕು. ಹೆಣ್ಣುಮಕ್ಕಳ ವಿಷಯಕ್ಕೆ ದುಭಾಷಿಯೂ ಹೆಣ್ಣಾಗಿದ್ದರೆ ಒಳ್ಳೆಯದು.

ಎಲ್ಲಿ ಕೂರಬೇಕು? ಹೇಗೆ ಮಾತಾಡಬೇಕು?

ರೋಗಿಯ ಪಕ್ಕದಲ್ಲಿ, ಸ್ವಲ್ಪ ಹಿಂದೆ ಕೂತುಕೊಳ್ಳಿ. ಡಾಕ್ಟರ್ ನಿಮ್ಮನ್ನಲ್ಲ, ರೋಗಿಯನ್ನು ನೋಡಿ ಮಾತಾಡುವ ಹಾಗಿರಬೇಕು. ಶುರುವಿನಲ್ಲೇ ಎರಡೂ ಭಾಷೆಯಲ್ಲಿ ಹೇಳಿಬಿಡಿ: "ನಾನು ದುಭಾಷಿ. ನೀವು ಹೇಳಿದ್ದನ್ನೆಲ್ಲ ಹೇಳುತ್ತೇನೆ. ಏನನ್ನೂ ಸೇರಿಸುವುದಿಲ್ಲ, ಬಿಡುವುದಿಲ್ಲ. ಇಲ್ಲಿಯ ಮಾತು ಹೊರಗೆ ಹೋಗುವುದಿಲ್ಲ." ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಅವಸರದ ಒ.ಪಿ.ಡಿ.ಯಲ್ಲೂ ಇದನ್ನು ಬಿಡಬೇಡಿ.

ಆಮೇಲೆ ಅವರ ಬಾಯಿಂದ ಬಂದ ಹಾಗೇ ಹೇಳಿ. ಅವಳು "ನನಗೆ ಮೂರು ದಿನದಿಂದ ರಕ್ತ ಹೋಗುತ್ತಿದೆ" ಅಂದರೆ ನೀವೂ "ನನಗೆ" ಅಂತಲೇ ಹೇಳಬೇಕು. ನಮ್ಮ ಬಾಯಿಗೆ ಸುಲಭವಾಗಿ ಬರುವುದು "ರಕ್ತ ಹೋಗ್ತಿದೆಯಂತೆ" ಅನ್ನುವ ಮಾತು. ಆ "ಅಂತೆ" ಬಂದ ಕೂಡಲೇ ಅವಳ ನೋವು ಕೇಳಿದ ಸುದ್ದಿ ಆಗಿಬಿಡುತ್ತದೆ. ಠಾಣೆಯಲ್ಲಂತೂ "ಹೊಡೆದರಂತೆ" ಅಂದರೆ ದುಭಾಷಿಗೇ ನಂಬಿಕೆ ಇಲ್ಲ ಅನ್ನಿಸುತ್ತದೆ. ರೂಢಿಯಾಗುವವರೆಗೆ ನಾಚಿಕೆಯಾಗುತ್ತದೆ, ವಿಶೇಷವಾಗಿ ಗಂಡಸು ಹೆಂಗಸಿನ ಮಾತು ಹೇಳುವಾಗ. ಆದರೂ ರೂಢಿ ಮಾಡಿಕೊಳ್ಳಿ.

ಎರಡು ಮೂರು ವಾಕ್ಯಕ್ಕೆ ಒಮ್ಮೆ ಕೈ ತೋರಿಸಿ ನಿಲ್ಲಿಸಿ. ನಂಬರ್, ದಿನಾಂಕ, ಔಷಧಿಯ ಪ್ರಮಾಣ ಬರೆದುಕೊಳ್ಳಿ. ಹೊರಡುವಾಗ ಆ ಚೀಟಿ ಹರಿದುಹಾಕಿ. ಗೊತ್ತಿಲ್ಲದ ಮಾತು ಬಂದರೆ ಊಹಿಸಬೇಡಿ. "ಇದು ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಿ" ಅಂತ ಕೇಳಿ. ಹಾಗೆ ಕೇಳಿದ್ದನ್ನು ಇನ್ನೊಬ್ಬರಿಗೂ ತಿಳಿಸಿ. ನೀವು ಒಂದು ಕಡೆಯವರೊಡನೆ ಎರಡು ನಿಮಿಷ ಮಾತಾಡಿದರೆ ಇನ್ನೊಂದು ಕಡೆಯವರಿಗೆ ಅನುಮಾನ ಬರುವುದು ಸಹಜ.

ಡಾಕ್ಟರ್ ಬೈದರೆ ಅದನ್ನೂ ಹೇಳಬೇಕಾ?

ಹೇಳಬೇಕು. ಎಲ್ಲರೂ ಇಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಬೈಸಿಕೊಂಡದ್ದು ಅವರಿಗೆ ದನಿಯಿಂದಲೇ ಗೊತ್ತಾಗಿರುತ್ತದೆ. ಏನಂತ ಬೈದರು ಅಂತ ತಿಳಿದರೆ ಉತ್ತರ ಕೊಡಬಹುದು, ದೂರು ಕೊಡಬಹುದು, ಎದ್ದು ಹೋಗಬಹುದು. ನೀವು ಮುಚ್ಚಿಟ್ಟರೆ ಆ ಯಾವ ದಾರಿಯೂ ಅವರಿಗೆ ಉಳಿಯುವುದಿಲ್ಲ. ಎಲ್ಲವನ್ನೂ ಹೇಳುತ್ತೇನೆ ಅಂತ ಮೊದಲೇ ಹೇಳಿದ್ದರೆ ಬೈಗುಳ ತಾನಾಗಿ ಕಡಿಮೆಯಾಗುತ್ತದೆ. ಇದು ನಾನು ಮತ್ತೆ ಮತ್ತೆ ಕಂಡದ್ದು.

ಒಂದೇ ಶೆಡ್ಡಿನಲ್ಲಿ ಇರುವವರು ನಾವು. ಗುಟ್ಟು ಕಾಪಾಡುವುದು ಹೇಗೆ?

ಸಮುದಾಯದ ಒಳಗಿನ ದುಭಾಷಿಗೆ ಇದು ದೊಡ್ಡ ಪರೀಕ್ಷೆ. ರೋಗಿಯೂ ನೀವೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತೀರಿ. ಟಿ.ಬಿ. ಅಂತ ಗೊತ್ತಾದರೆ ಮೇಸ್ತ್ರಿ ಊರಿಗೆ ಕಳಿಸುತ್ತಾನೆ ಅನ್ನುವ ಭಯ ಅವರಿಗೆ. ಸಾಮಾನ್ಯ ಟಿ.ಬಿ.ಗೆ 6 ತಿಂಗಳು ಔಷಧಿ ತಪ್ಪದೆ ನುಂಗಬೇಕು. ಭಯದಿಂದ ಮಧ್ಯದಲ್ಲೇ ಬಿಟ್ಟರೆ ಕಾಯಿಲೆ ಔಷಧಿಗೆ ಬಗ್ಗದಂತಾಗಬಹುದು. ಒಂದು ಮಾತು ಹೊರಬಿದ್ದರೆ ಆ ಶೆಡ್ಡಿನ ಯಾರೂ ಮುಂದೆ ನಿಮ್ಮ ಜೊತೆ ಆಸ್ಪತ್ರೆಗೆ ಬರುವುದಿಲ್ಲ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯೇ ಗುಟ್ಟು ಕಾಪಾಡಲು ಹೇಳುತ್ತದೆ.

ಮನೆಯಲ್ಲಿ ಹೇಳಬೇಡಿ. ವಾಟ್ಸಾಪ್‌ನಲ್ಲಿ ಚೀಟಿಯ ಫೋಟೋ ಕಳಿಸಬೇಡಿ. ದಾರಿಯಲ್ಲಿ ಸಿಕ್ಕಾಗ "ಈಗ ಹೇಗಿದೆ?" ಅಂತ ನಾಲ್ಕು ಜನರ ಎದುರು ಕೇಳಬೇಡಿ. ರೋಗಿ ಹತ್ತಿರದ ನೆಂಟರಾದರೆ ಅಥವಾ ನಿಮ್ಮ ಜೊತೆ ಜಗಳ, ಸಾಲ ಇದ್ದವರಾದರೆ ಮೊದಲೇ ಹೇಳಿ ಹಿಂದೆ ಸರಿಯಿರಿ.

ಕಣ್ಣೆದುರು ಅನ್ಯಾಯ ಆಗುತ್ತಿದ್ದರೂ ಸುಮ್ನೆ ಇರಬೇಕಾ?

ಇದಕ್ಕೆ ಜಗತ್ತಿನಲ್ಲಿ ಎರಡು ಉತ್ತರ ಇವೆ. ಆಸ್ಟ್ರೇಲಿಯಾದ ದುಭಾಷಿಗಳ ಸಂಘ ಆಸಿಟ್ 1987ರಲ್ಲಿ ಹುಟ್ಟಿತು. ಅದರ ನೀತಿಸಂಹಿತೆ ಗೆರೆಯನ್ನು ಗಟ್ಟಿಯಾಗಿ ಎಳೆಯುತ್ತದೆ: ಮಾತು ದಾಟಿಸಿ, ಸಲಹೆ ಕೊಡಬೇಡಿ, ಯಾರ ಪರವೂ ವಾದಿಸಬೇಡಿ. ಅಮೆರಿಕದ ಆರೋಗ್ಯ ದುಭಾಷಿಗಳ ರಾಷ್ಟ್ರೀಯ ಮಂಡಳಿ 2004ರಲ್ಲಿ ತಂದ ಸಂಹಿತೆ ಸ್ವಲ್ಪ ಬಾಗಿಲು ತೆರೆಯುತ್ತದೆ. ರೋಗಿಯ ಆರೋಗ್ಯಕ್ಕೆ, ಕ್ಷೇಮಕ್ಕೆ, ಘನತೆಗೆ ಧಕ್ಕೆ ಬರುವಂತಿದ್ದರೆ ದುಭಾಷಿ ಅವರ ಪರ ನಿಲ್ಲಬಹುದು ಅನ್ನುತ್ತದೆ.

ಆಸ್ಟ್ರೇಲಿಯಾದಲ್ಲಿ ದುಭಾಷಿ ಸುಮ್ಮನಿದ್ದರೂ ಕೇಳಲು ಬೇರೆಯವರು ಸಿಗುವುದು ಜಾಸ್ತಿ. ನಮ್ಮಲ್ಲಿ ಎಷ್ಟೋ ಸಲ ಆ ಕೋಣೆಯಲ್ಲಿ ಇಡೀ ವಿಷಯ ಅರ್ಥವಾದವರು ದುಭಾಷಿ ಒಬ್ಬರೇ. ಹಾಗಾಗಿ ನನಗೆ ಎರಡನೇ ದಾರಿಯೇ ಸರಿ ಅನ್ನಿಸುತ್ತದೆ, ಆದರೆ ಎಚ್ಚರದಿಂದ. ಪೆನ್ಸಿಲಿನ್ ಅಲರ್ಜಿ ಇದೆ ಅಂತ ರೋಗಿ ಹೊರಗೆ ಹೇಳಿದ್ದರು, ಒಳಗೆ ಹೇಳಲಿಲ್ಲ. ಆಗ ಮೊದಲು ರೋಗಿಗೆ "ಅದನ್ನು ಡಾಕ್ಟರಿಗೆ ಹೇಳಿ" ಅಂತ ನೆನಪಿಸಿ. ನೆನಪಿಸಿದ್ದನ್ನು ಡಾಕ್ಟರಿಗೂ ತಿಳಿಸಿ. ಜೀವದ ವಿಷಯವಾದರೆ ನೇರವಾಗಿ "ಇದು ದುಭಾಷಿಯ ಮಾತು" ಅಂತ ಹೇಳಿಯೇ ಹೇಳಿಬಿಡಿ. ನಿಮ್ಮ ಮಾತನ್ನು ಅವರ ಮಾತಿನ ಒಳಗೆ ತೂರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಕೂಲಿ ಬಾಕಿ, ಹೊಡೆತ, ಮನೆ ಖಾಲಿ ಮಾಡಿಸಿದ್ದು, ಇಂಥದ್ದಕ್ಕೆ ಕೆಲಸ ಮುಗಿದ ಮೇಲೆ ಉಚಿತ ಕಾನೂನು ನೆರವಿನ ದಾರಿ ತೋರಿಸಿ. ಸಹಾಯವಾಣಿ 15100. ಕಾರ್ಖಾನೆ ಕಾರ್ಮಿಕರು, ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು, ಪರಿಶಿಷ್ಟ ಜಾತಿ ಪಂಗಡದವರು ಇದಕ್ಕೆ ಅರ್ಹರು.

ಪೊಲೀಸ್ ಠಾಣೆಗೆ ಕರೆದರೆ ಏನು ತಿಳಿದಿರಬೇಕು?

ಬಂಧಿಸಿದವರಿಗೆ ಕಾರಣ ತಿಳಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ತಿಳಿಸಿದರೆ ತಿಳಿಸಿದ ಹಾಗಲ್ಲ. ಮುಂಜಾಗ್ರತಾ ಬಂಧನದ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1962ರಲ್ಲೇ ಹರಿಕಿಸನ್ ಪ್ರಕರಣದಲ್ಲಿ ಹೇಳಿದೆ. ಆತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಾರಣಗಳನ್ನು ಕೊಟ್ಟದ್ದು ಇಂಗ್ಲಿಷಿನಲ್ಲಿ. ದೂರು ಕೊಟ್ಟವರಿಗೆ ಎಫ್‌ಐಆರ್ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕನ್ನಡದಲ್ಲಿ ಬರೆದದ್ದನ್ನು ಪೂರ್ತಿ ಅವರ ಭಾಷೆಯಲ್ಲಿ ಹೇಳಿದ ಮೇಲೆಯೇ ಅವರು ಸಹಿ ಹಾಕಲಿ.

ನೀವು ಸಹಿ ಹಾಕಬೇಕಾದರೆ ಹೆಸರಿನ ಜೊತೆ "ದುಭಾಷಿ" ಅಂತ ಬರೆಯಿರಿ, ಯಾವ ಭಾಷೆಯಿಂದ ಯಾವ ಭಾಷೆಗೆ ಅಂತಲೂ ಬರೆಯಿರಿ. ಅದೇ ಪ್ರಕರಣದಲ್ಲಿ ಪಂಚನಾಮೆಗೆ ಪಂಚರಾಗಿ, ಅಂದರೆ ಕಣ್ಣಾರೆ ಕಂಡ ಸಾಕ್ಷಿಯಾಗಿ, ಸಹಿ ಹಾಕಬೇಡಿ. ಅದು ಬೇರೆಯೇ ಕೆಲಸ, ಎರಡನ್ನೂ ಒಬ್ಬರೇ ಮಾಡಿದರೆ ಎರಡೂ ಕೆಡುತ್ತವೆ.

ಕೋರ್ಟಿನಲ್ಲಿ ನಿಯಮ ಇನ್ನೂ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಕಲಂ ಪ್ರಕಾರ, ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ಆದರೆ ಅದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ದುಭಾಷಿ ನಿಜವಾದ ಅರ್ಥವನ್ನೇ ಹೇಳಲು ಬದ್ಧ ಅನ್ನುವುದು 317ನೇ ಕಲಂ.

"ಇವನ ಬಂಗಾಳಿ ಎಲ್ಲಿಯದು? ಬಾಂಗ್ಲಾದೇಶದವನಾ ನೋಡಿ ಹೇಳಿ" ಅಂತ ಕೇಳಿದರೆ?

"ಅದು ನನ್ನ ಕೆಲಸ ಅಲ್ಲ ಸಾರ್" ಅಂತ ಹೇಳಿ. ಮರ್ಯಾದೆಯಿಂದ ಹೇಳಿ, ಆದರೆ ಹೇಳಿ.

ಬಂಗಾಳಿಯ ಆಡುಮಾತು ಗಡಿಯ ಬೇಲಿಗೆ ನಿಲ್ಲುವುದಿಲ್ಲ. 1947ರಲ್ಲಿ ಗೆರೆ ಎಳೆದದ್ದು ಒಂದೇ ಮಾತು ಆಡುತ್ತಿದ್ದ ಜಿಲ್ಲೆಗಳ ನಡುವೆ. ಮುರ್ಷಿದಾಬಾದ್, ಮಾಲ್ದಾ, ನದಿಯಾದ ಹಳ್ಳಿಯವರ ಮಾತಿಗೂ ಆಚೆ ಕಡೆಯ ಮಾತಿಗೂ ಹೋಲಿಕೆ ಇರುವುದು ಸಹಜ. ಅತ್ತಿಂದ ಬಂದು ನೆಲೆಸಿದ ಭಾರತೀಯ ಪ್ರಜೆಗಳ ಮನೆಗಳಲ್ಲಿ ಅಜ್ಜಿಯ ಊರಿನ ಮಾತೇ ಉಳಿದಿರುತ್ತದೆ. ಕಾಸರಗೋಡಿನವರ ಕನ್ನಡ ಕೇಳಿ ಅವರ ಪೌರತ್ವ ಹೇಳಲು ಯಾರಿಗಾದರೂ ಆಗುತ್ತದಾ?

ಪೌರತ್ವ ತೀರ್ಮಾನ ಆಗುವುದು ದಾಖಲೆಯಿಂದ, ಕಾನೂನಿನಿಂದ. ದುಭಾಷಿಯ ಕಿವಿಯಿಂದ ಅಲ್ಲ. ನೀವು ಅನುಮಾನದಿಂದ ಆಡಿದ ಒಂದು ಮಾತಿಗೆ ಒಂದು ಕುಟುಂಬ ಬೀದಿಗೆ ಬೀಳಬಹುದು. ಇನ್ನು ಕಸ ಆಯುವವರ ಗುಡಿಸಲುಗಳಲ್ಲಿ ಒಮ್ಮೆ ದುಭಾಷಿ ಅಂದರೆ ಪೊಲೀಸ್ ಮಾಹಿತಿದಾರ ಅನ್ನುವ ಹೆಸರು ಬಂದರೆ, ಮುಂದೆ ಹೆರಿಗೆ ನೋವಿಗೂ ಅವರು ಯಾರನ್ನೂ ಕರೆಯುವುದಿಲ್ಲ.

ನಮ್ಮ ದೇಶದಲ್ಲಿ ದುಭಾಷಿಗೆ ಬರೆದಿಟ್ಟ ನೀತಿ ಇದೆಯಾ?

ಪೂರ್ತಿ ಇಲ್ಲ. ಆದರೆ ಒಂದು ಜಾಗದಲ್ಲಿ ಚೆನ್ನಾಗಿಯೇ ಇದೆ, ಹೆಚ್ಚಿನವರು ಅದನ್ನು ನೋಡಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ, 2012. ಮಗುವಿನ ಹೇಳಿಕೆ ಪಡೆಯುವಾಗ ದುಭಾಷಿಯ ನೆರವು ಪಡೆಯಬಹುದು ಅಂತ ಅದು ಹೇಳುತ್ತದೆ. ಅದರ ನಿಯಮಗಳ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಟ್ಟುಕೊಳ್ಳಬೇಕು. ದುಭಾಷಿ ಪಕ್ಷಪಾತ ಮಾಡಬಾರದು. ತನಗೆ ಸಂಬಂಧ ಇರುವ ಪ್ರಕರಣವಾದರೆ ಮೊದಲೇ ತಿಳಿಸಬೇಕು. ಸೇರಿಸದೆ, ಬಿಡದೆ ಪೂರ್ತಿ ಹೇಳಬೇಕು. ಗುಟ್ಟು ಕಾಪಾಡಬೇಕು. ಪದವಿಯೇ ಬೇಕು ಅಂತಿಲ್ಲ. ಆ ಭಾಷೆ ಮನೆಮಾತಾಗಿದ್ದರೆ, ಕೆಲಸದಿಂದಲೋ ಆ ಸೀಮೆಯಲ್ಲಿ ಇದ್ದುದರಿಂದಲೋ ಬಂದಿದ್ದರೆ ಸಾಕು.

ಹಣದ ಮಾತೂ ಅಲ್ಲಿದೆ. ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಎರಡು ಭಾಷೆ ಬಲ್ಲವರು ನಿಮ್ಮ ಜಿಲ್ಲೆಯ ಘಟಕಕ್ಕೆ ಹೋಗಿ ಪಟ್ಟಿಗೆ ಹೆಸರು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಒಡಿಯಾ, ಬಂಗಾಳಿ, ನೇಪಾಳಿ, ಅಸ್ಸಾಮಿ ಬಲ್ಲವರು ಮುಖ್ಯವಾಗಿ.

ಮೊಬೈಲ್ ಆಪ್ ಇದೆಯಲ್ಲ?

"ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಅನ್ನಲು ಒಳ್ಳೆಯದು. ಕೇಂದ್ರ ಸರ್ಕಾರದ ಭಾಷಿಣಿಯೂ ಇದೆ. ಆದರೆ ಒಪ್ಪಿಗೆ ಪತ್ರ, ಹೇಳಿಕೆ, ಕೆಟ್ಟ ಸುದ್ದಿ, ಇವಕ್ಕೆ ಆಪ್ ಬೇಡ. ತಪ್ಪು ಹೇಳಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಎದುರಿಗಿದ್ದವರಿಗೂ ಗೊತ್ತಾಗುವುದಿಲ್ಲ.

ನಮ್ಮವರೂ ಹೊರಗೆ ಹೋಗಿ ಹೀಗೆ ಕಷ್ಟಪಡುತ್ತಾರಾ?

ಖಂಡಿತ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆ, ಗೋವಾಕ್ಕೆ ದುಡಿಯಲು ಹೋಗುವವರು ಅಲ್ಲಿ ಇದೇ ಸ್ಥಿತಿಯಲ್ಲಿ ಇರುತ್ತಾರೆ. ತಾಂಡಾದಿಂದ ಹೋದವರ ಮನೆಮಾತು ಲಂಬಾಣಿ. ಅಲ್ಲಿಯವರು ಅವರಿಗೆ ಕನ್ನಡ ಬಲ್ಲವರನ್ನು ಕರೆಸಿದರೂ ಅಜ್ಜಿಯಂದಿರಿಗೆ ಪೂರ್ತಿ ತಿಳಿಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ಒಂದು ವಿಷಯ ತಿಳಿದಿರಲಿ. ಅಲ್ಲಿ ಸರ್ಕಾರದ ಫೋನ್ ದುಭಾಷಿ ಸೇವೆ ಇದೆ, ನಂಬರ್ 131450, ದಿನದ 24 ಗಂಟೆಯೂ. ಇದು 1973ರಲ್ಲಿ ಶುರುವಾದದ್ದು. ಅಳಿಯನ ಎದುರು ಹೇಳಿಕೊಳ್ಳಲಾಗದ ಕಾಯಿಲೆಯನ್ನು ಕನ್ನಡದಲ್ಲೇ ಹೇಳಲು ದುಭಾಷಿ ಬೇಕು ಅಂತ ಅಲ್ಲಿಯ ಡಾಕ್ಟರಿಗೆ ಕೇಳಿ. ನಾಟಿ ಅನ್ನುವ ಸಂಸ್ಥೆ ಅಲ್ಲಿ ದುಭಾಷಿಗಳಿಗೆ ಪರೀಕ್ಷೆ ನಡೆಸುತ್ತದೆ, 1977ರಿಂದ ಇದೆ. ವೀಸಾ ಅಂಕಕ್ಕೆಂದು ಅದರ ಸಿಸಿಎಲ್ ಅನ್ನುವ, ಎರಡು ಭಾಷೆಯ ಮಾತು ದಾಟಿಸುವ ಪರೀಕ್ಷೆಯನ್ನು ಕನ್ನಡದಲ್ಲಿ ತೆಗೆದುಕೊಳ್ಳುವವರು ಇದ್ದಾರೆ. ಆ ಪರೀಕ್ಷೆ ಪಾಸಾದರೆ ದುಭಾಷಿ ಆದ ಹಾಗಲ್ಲ. ಅದಕ್ಕೆ ಬೇರೆ ಪ್ರಮಾಣಪತ್ರ ಬೇಕು, ಅದನ್ನು 3 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು.

ದುಡ್ಡು ತೆಗೆದುಕೊಳ್ಳಬಹುದಾ?

ಸಂಸ್ಥೆಯಿಂದ ತೆಗೆದುಕೊಳ್ಳಿ, ಕೇಳಿಯೂ ತೆಗೆದುಕೊಳ್ಳಿ. ಇದು ಕೆಲಸ. ಇದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಬಸ್ ಚಾರ್ಜನ್ನೂ ಕೊಡದಿರುವುದು ಸರಿಯಲ್ಲ. ರೋಗಿಯಿಂದ, ಆರೋಪಿಯ ಕಡೆಯವರಿಂದ, ಮೇಸ್ತ್ರಿಯಿಂದ ಮಾತ್ರ ಬೇಡ. ಟೀ ಕುಡಿಸಿದರೆ ಕುಡಿಯಿರಿ.

ಕೇಳಿದ್ದು ಮನಸ್ಸಿನಿಂದ ಹೋಗುವುದೇ ಇಲ್ಲ. ಏನು ಮಾಡಲಿ?

"ನನಗೆ ಹೊಡೆದರು, ನನ್ನ ಮಗು ಸತ್ತಿತು" ಅಂತ ಇಡೀ ದಿನ ಹೇಳಿದವರಿಗೆ ಹೀಗಾಗುವುದು ಸಹಜ. ಹೆಸರು, ಊರು ಹೇಳದೆ ಇನ್ನೊಬ್ಬ ದುಭಾಷಿಯ ಜೊತೆ ನಿಮಗಾದ ಸಂಕಟವನ್ನು ಮಾತ್ರ ಹಂಚಿಕೊಳ್ಳಬಹುದು. ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮದೇ ಹಳೆಯ ಗಾಯ ಕೆದಕುವಂಥ ಪ್ರಕರಣಗಳನ್ನು ಒಪ್ಪಿಕೊಳ್ಳಬೇಡಿ.

ನಾನು ಶುರು ಮಾಡಬೇಕು. ಮೊದಲು ಏನು ಕಲಿಯಲಿ?

ನಿಮ್ಮ ಎರಡು ಭಾಷೆಯಲ್ಲೂ ದೇಹದ ಭಾಗಗಳನ್ನು ಡಾಕ್ಟರ್ ಹೇಳುವ ಹಾಗೆ ಮತ್ತು ಹಳ್ಳಿಯ ಹೆಂಗಸರು ಹೇಳುವ ಹಾಗೆ ಬರೆದುಕೊಳ್ಳಿ. ಮುಟ್ಟು, ಹೆರಿಗೆ, ಮೂತ್ರ, ಭೇದಿಯ ಮಾತುಗಳನ್ನು ಮೊದಲು ಕಲಿಯಿರಿ. ನಾಚಿಕೆಯಿಂದ ತಡವರಿಸುವುದು ಅಲ್ಲೇ. ತಾಯಿ ಕಾರ್ಡ್, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಆಸ್ಪತ್ರೆ ಪ್ರಕರಣ), ಜಾಮೀನು, ಹೇಳಿಕೆ, ರಾಜಿ, ಇವನ್ನು ವಿವರಿಸಲು ಬರಬೇಕು. ಮನೆಯಲ್ಲಿ ಕನ್ನಡ ವಾರ್ತೆ ಹಾಕಿಕೊಂಡು ಎರಡೆರಡು ವಾಕ್ಯ ನಿಲ್ಲಿಸಿ ಇನ್ನೊಂದು ಭಾಷೆಯಲ್ಲಿ ಹೇಳಿ ನೋಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಏನು ಬಿಟ್ಟುಹೋಗಿದೆ ಅಂತ ತಿಳಿಯುತ್ತದೆ. ಹೆಚ್ಚಾಗಿ ಬಿಟ್ಟುಹೋಗುವುದು ಸಂಖ್ಯೆಗಳು ಮತ್ತು "ಅಲ್ಲ", "ಇಲ್ಲ", "ಬೇಡ" ಎನ್ನುವ ಮಾತುಗಳು.